ಉತ್ತರನ ನಡುಕ, ಅಶ್ವತ್ಥಾಮನ ಎಚ್ಚರ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯೊಳಗೆ ಮೀಸೆ ತಿರುವಿ ಬೀದಿಗೆ ಬಂದೊಡನೆ ಮೆತ್ತಗಾಗುವವರನ್ನು ಹಂಗಿಸುವುದಕ್ಕೆ ಹಿರಿಯರು ಮಾಡಿಟ್ಟ ಮಾತು ಅದು. ಗದುಗಿನ ನಾರಣಪ್ಪನ ಭಾರತದಿಂದ ವಿರಾಟಪರ್ವವನ್ನು ಗಮಕಿಗಳು ಹಾಡುವಾಗ ಸಭೆ ಎದೆಬಿಚ್ಚಿ ನಗುವುದೂ ಇದೇ ಪ್ರಸಂಗಕ್ಕೆ. ಹೆಣ್ಣುಮಕ್ಕಳ ಮುಂದೆ ಕೊಚ್ಚಿಕೊಂಡ ರಾಜಕುಮಾರ, ಕೌರವರ ಸೇನೆ ಕಣ್ಣಿಗೆ ಬಿದ್ದದ್ದೇ ತಡ, ರಥದಿಂದ ಧುಮುಕಿ ಓಟ ಕೀಳುತ್ತಾನೆ. ಜಡೆ ಹಾರಾಡಿಸಿಕೊಂಡು ಬೃಹನ್ನಳೆ ಬೆನ್ನಟ್ಟುತ್ತಾಳೆ. ಹೈಸ್ಕೂಲಿನ ಕನ್ನಡ ಪಂಡಿತನಾಗಿ ನಾನೂ ಅನೇಕ ವರ್ಷ ಈ ಕಥೆ ಹೇಳಿ ಮಕ್ಕಳನ್ನು ನಗಿಸಿದವನೇ. ಓಡುವ ಉತ್ತರನ ಅಭಿನಯವನ್ನೂ ಒಂದಿಷ್ಟು ಮಾಡಿ ತೋರಿಸುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಶಾಲೆ ಪೀಣ್ಯದ ಕಡೆಯದು. ಮಕ್ಕಳಲ್ಲಿ ಹೆಚ್ಚಿನವರು ಅಲ್ಲಿಯ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಯವರು. ಒಂಬತ್ತನೆಯ ತರಗತಿಯಲ್ಲಿ ಈ ಕಥೆ ನಡೆದಿತ್ತು. ತರಗತಿಯೆಲ್ಲ ನಕ್ಕಿತು, ಮೂರನೆಯ ಸಾಲಿನ ಒಬ್ಬ ಹುಡುಗ ಮಾತ್ರ ಪುಸ್ತಕದ ಮೇಲೆ ಕಣ್ಣಿಟ್ಟು ಕುಳಿತಿದ್ದ. ಗಂಟೆ ಹೊಡೆದ ಮೇಲೆ ಬಾಗಿಲ ಬಳಿ ನಿಂತು ಕೇಳಿದ: ‘ಸಾರ್, ಹೆದರಿಕೊಂಡವರನ್ನು ನೋಡಿ ನಗಬೇಕಾ?’ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಆ ಹುಡುಗನ ತಾಯಿಯಿಂದ ವಿಷಯ ತಿಳಿಯಿತು. ಮನೆಯ ಯಜಮಾನರು ಸೈನ್ಯದಲ್ಲಿದ್ದವರು. ೧೯೯೯ರ ಕಾರ್ಗಿಲ್ ಯುದ್ಧದ ಬೇಸಗೆಯಲ್ಲಿ ಅವರಿಗೆ ಇಪ್ಪತ್ತನಾಲ್ಕು ವರ್ಷ. ಪೆನ್ಷನ್ ಪಡೆದು ಊರಿಗೆ ಬಂದ ಮೇಲೆ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ. ಯಾವಾಗಲೂ ರಾತ್ರಿ ಪಾಳಿಯನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದರಂತೆ; ಕಷ್ಟಜೀವಿ ಎಂದು ಎಲ್ಲರೂ ಹೊಗಳಿದರು. ನಿಜಸಂಗತಿ ಬೇರೆ. ರಾತ್ರಿ ಹೇಗೂ ನಿದ್ದೆಯಿಲ್ಲ. ಮನೆಯಲ್ಲಿ ಮಲಗಿದರೆ ಚೀರಿ ಏಳುವರು. ಮಕ್ಕಳು ಬೆದರುವುದು ಬೇಡವೆಂದು ಗೇಟಿನಲ್ಲಿ ಎಚ್ಚರವಿರುವರು. ಪಕ್ಕದ ಷೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸು ಧೊಪ್ಪೆಂದಾಗ ನೆಲಕ್ಕೆ ಕುಕ್ಕರಿಸಿಬಿಟ್ಟದ್ದನ್ನು ಒಮ್ಮೆ ಯಾರೋ ನೋಡಿ, ಅಣಕಿಸಿ, ಅದು ಬೀದಿಯಲ್ಲೆಲ್ಲ ಹರಡಿತ್ತು. ಮೂರನೆಯ ಸಾಲಿನ ಹುಡುಗ ಏಕೆ ನಗಲಿಲ್ಲವೆಂದು ಆಗ ಗೊತ್ತಾಯಿತು.

ಅಂದಿನಿಂದ ಈ ವಿಷಯವನ್ನು ನನ್ನ ಕೈಲಾದಷ್ಟು ಓದಿ ತಿಳಿಯತೊಡಗಿದೆ. ವೈದ್ಯನಲ್ಲದ ನಾನು ಮೊದಲು ಹೋದದ್ದು ನನಗೆ ಪರಿಚಿತವಾದ ಮನೆಗೇ, ಎಂದರೆ ಭಾರತಕ್ಕೆ. ವ್ಯಾಸರ ಮೂಲದಲ್ಲಿ, ಉತ್ತರನನ್ನು ಹಿಡಿದು ತಂದು ಸಾರಥಿಯಾಗಿ ಕೂರಿಸಿ ಅರ್ಜುನ ಕಾಳಗ ನಡೆಸುತ್ತಿರುವಾಗ, ಹುಡುಗ ಮತ್ತೊಮ್ಮೆ ಕುಸಿಯುವ ಒಂದು ಸಂದರ್ಭವಿದೆ. ಅದನ್ನು ನಾವು ಹರಿಕಥೆಗಳಲ್ಲಿ ಅಷ್ಟಾಗಿ ಕೇಳುವುದಿಲ್ಲ. ಶಂಖದ ಮೊಳಗು, ಗಾಂಡೀವದ ಟಂಕಾರ, ನೆತ್ತರು ನೆಣಗಳ ವಾಸನೆ ಇವುಗಳಿಂದ ತನ್ನ ಮನಸ್ಸು ಗಿರ್ರೆಂದು ತಿರುಗುತ್ತಿದೆ, ದಿಕ್ಕು ತಿಳಿಯದಾಗಿದೆ, ಇನ್ನು ಕುದುರೆಗಳನ್ನು ಹಿಡಿಯಲಾರೆ ಎಂದು ಅವನು ಹೇಳುತ್ತಾನೆ. ಹಾಸ್ಯದ ಸುಳಿವೂ ಇಲ್ಲದ ಮಾತು. ಶಬ್ದ, ವಾಸನೆ, ದಿಗ್ಭ್ರಮೆ, ಕೈಕಾಲಿನ ಸೋಲು: ಇಂದಿನ ಮನೋವೈದ್ಯರು ರೋಗಿಯ ಬಾಯಿಂದ ಕೇಳಿ ಬರೆದುಕೊಳ್ಳುವ ಲಕ್ಷಣಗಳ ಪಟ್ಟಿ ಹೆಚ್ಚು ಕಡಮೆ ಇದೇ.

ಈ ನಡುಕಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರು ಬಿದ್ದಿವೆ. ಅಮೆರಿಕದ ಅಂತರ್ಯುದ್ಧದ ತರುವಾಯ ‘ಸೈನಿಕನ ಹೃದಯ’ ಎಂದರು. ಎದೆ ಡವಗುಟ್ಟುತ್ತದೆಯಲ್ಲ, ದೋಷ ಹೃದಯದ್ದೇ ಎಂದು ಊಹೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಿಂದ ಮಾತು ನಿಂತವರು, ಕಣ್ಣು ಕಾಣದಾದವರು, ಮೈಮೇಲೆ ಗೀರು ಗಾಯವಿಲ್ಲದೆ ಕಾಲು ಬಿದ್ದುಹೋದವರು ಸಾವಿರಗಟ್ಟಲೆ ಬರತೊಡಗಿದರು. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ೧೯೧೫ರಲ್ಲಿ ಬರೆದ ಲೇಖನದಿಂದ ‘ಷೆಲ್ ಷಾಕ್’ ಎಂಬ ಹೆಸರು ವೈದ್ಯರ ನಡುವೆ ನಿಂತಿತು. ಸಿಡಿಗುಂಡಿನ ಅಬ್ಬರದಿಂದ ಮೆದುಳು ಅದುರಿದೆಯೆಂಬುದು ಅದರ ಅರ್ಥ. ಗುಂಡು ಸಿಡಿದ ಕಡೆಗೆ ಹೋಗಿಯೇ ಇರದವರಿಗೂ ಅದೇ ಬೇನೆ ಬಂದದ್ದನ್ನು ನೋಡಿ ಆ ಹೆಸರು ಸರಿಯಲ್ಲವೆಂದು ಮುಂದೆ ಮೈಯರ್ಸರೇ ಹೇಳಿದರು. ಅಷ್ಟರಲ್ಲಿ ಹೆಸರು ಕೈತಪ್ಪಿ ಊರಾಡಿಕೊಂಡು ಹೋಗಿತ್ತು.

ಸೇನಾನಾಯಕರಿಗೆ ಇಂಥ ವಿಚಾರಗಳಿಗೆ ವ್ಯವಧಾನವಿರಲಿಲ್ಲ. ರಣದಿಂದ ಹಿಂದೆ ಸರಿದವನು ಹೇಡಿ, ಓಡಿದವನು ದ್ರೋಹಿ. ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ಬ್ರಿಟಿಷ್ ಸೈನ್ಯ ಆ ಯುದ್ಧದಲ್ಲಿ ಗುಂಡಿಕ್ಕಿಸಿದ ತನ್ನವರೇ ಆದ ೩೦೬ ಮಂದಿಗೆ ಬ್ರಿಟಿಷ್ ಸರಕಾರ ಕ್ಷಮಾದಾನ ಕೊಟ್ಟದ್ದು ೨೦೦೬ರಲ್ಲಿ. ಅವರಲ್ಲಿ ಎಷ್ಟು ಮಂದಿ ಚಿತ್ತ ಕೆಟ್ಟವರಿದ್ದರೋ ಲೆಕ್ಕ ಹಾಕುವುದು ಈಗ ಸಾಧ್ಯವಿಲ್ಲ. ನಮ್ಮವರೂ ಆ ಯುದ್ಧದಿಂದ ದೂರವಿರಲಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಮೇಲೆ ಕುದುರೆಯೇರಿ ನುಗ್ಗಿದವರಲ್ಲಿ ಮೈಸೂರು ಲ್ಯಾನ್ಸರುಗಳು ಇದ್ದರು. ಬೆಂಗಳೂರಿನ ಜಯಮಹಲಿನ ಕಡೆ ಅವರ ಸ್ಮಾರಕವನ್ನು ನೋಡಬಹುದು. ಮಡಿದವರಿಗೆ ಕಲ್ಲು ನಿಂತಿತು. ಬದುಕಿ ಬಂದವರು ರಾತ್ರಿಗಳನ್ನು ಹೇಗೆ ಕಳೆದರೆಂಬುದು ಕಲ್ಲಿನ ಮೇಲೆ ಬರೆಯುವ ವಿಷಯವಲ್ಲ.

ಆ ಕಾಲದಲ್ಲಿಯೂ ಕೆಲವರು ವೈದ್ಯರು ಬೇರೆ ದಾರಿ ಹಿಡಿದರು. ೧೯೧೭ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಎಂಬ ಆಸ್ಪತ್ರೆಯಲ್ಲಿ ಇಬ್ಬರು ಇಂಗ್ಲಿಷ್ ಕವಿಗಳು ಒಟ್ಟಿಗೆ ಇದ್ದರು. ವಿಲ್ಫ್ರೆಡ್ ಓವೆನ್ನನಿಗೆ ೨೪ ವರ್ಷ, ಸೀಗ್‌ಫ್ರಿಡ್ ಸಸೂನ್ ಅವನಿಗಿಂತ ಆರೇಳು ವರ್ಷ ಹಿರಿಯ. ಸಸೂನನನ್ನು ನೋಡಿಕೊಂಡ ವೈದ್ಯ ರಿವರ್ಸ್ ರೋಗಿಗಳಿಗೆ ‘ಮರೆತುಬಿಡು’ ಎಂದು ಹೇಳುತ್ತಿರಲಿಲ್ಲ. ಕಂಡದ್ದನ್ನು ಮೆಲ್ಲಮೆಲ್ಲನೆ ಬಾಯಿಬಿಟ್ಟು ಹೇಳಿಸುತ್ತಿದ್ದರು. ಅದೇ ವೇಳೆಗೆ ಲಂಡನ್ನಿನಲ್ಲಿ ಮಾತು ನಿಂತ ಸೈನಿಕರ ಗಂಟಲಿಗೆ ವಿದ್ಯುತ್ತು ಮುಟ್ಟಿಸಿ ಮಾತಾಡಿಸುತ್ತಿದ್ದ ವೈದ್ಯರೂ ಇದ್ದರು! ಓವೆನ್ ಚೇತರಿಸಿಕೊಂಡು ಮತ್ತೆ ರಣಕ್ಕೆ ಹೋದ. ೧೯೧೮ರ ನವೆಂಬರ್ ೪ರಂದು, ಯುದ್ಧ ಮುಗಿಯಲು ಒಂದೇ ವಾರವಿದ್ದಾಗ, ಸತ್ತ. ಸಸೂನ್ ಮುಪ್ಪಿನವರೆಗೆ ಬಾಳಿದ.

ಅಮೆರಿಕದ ಸೈನ್ಯಕ್ಕೆ ಥಾಮಸ್ ಸಾಲ್ಮನ್ ಎಂಬ ವೈದ್ಯರು ಹೇಳಿಕೊಟ್ಟ ಕ್ರಮವೆಂದು ಮೂರು ಸೂತ್ರಗಳನ್ನು ಮನೋವೈದ್ಯದ ಪುಸ್ತಕಗಳು ಇಂದಿಗೂ ಹೇಳುತ್ತವೆ. ಕುಸಿದವನನ್ನು ದೂರದ ಊರಿಗೆ ಸಾಗಿಸದೆ ರಣದ ಸಮೀಪದಲ್ಲೇ ಉಪಚರಿಸಬೇಕು; ತಡಮಾಡದೆ ಉಪಚರಿಸಬೇಕು; ನೀನು ಗುಣವಾಗಿ ನಿನ್ನ ಕೆಲಸಕ್ಕೆ ಮರಳುವೆ ಎಂಬ ಭರವಸೆಯನ್ನು ಮೊದಲ ದಿನದಿಂದಲೇ ಕೊಡಬೇಕು. ಇದನ್ನು ಓದಿದ ರಾತ್ರಿ ನಾನು ವಿರಾಟಪರ್ವವನ್ನು ಇನ್ನೊಮ್ಮೆ ತೆರೆದೆ. ಅರ್ಜುನ ಮಾಡಿದ್ದು ಮತ್ತೇನು? ಹುಡುಗನನ್ನು ಅರಮನೆಗೆ ಕಳುಹಿಸಲಿಲ್ಲ, ಸೇನೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೇ ಹಿಡಿದ. ಆ ಕ್ಷಣವೇ ಮಾತಾಡಿಸಿದ. ಬಾಣ ಬಿಡು ಎನ್ನಲಿಲ್ಲ; ಅದು ಆಗದ ಮಾತು. ಕುದುರೆಯ ವಾಘೆ ಹಿಡಿ ಎಂದ. ಶಮೀವೃಕ್ಷದ ಮೇಲಿನ ಗಂಟನ್ನು ಹೆಣವೆಂದು ಹೆದರಿದವನನ್ನೇ ಮರ ಹತ್ತಿಸಿ, ಮುಟ್ಟಿಸಿ, ಬಿಚ್ಚಿಸಿ, ಒಳಗಿರುವುದು ಬಿಲ್ಲುಬಾಣವೆಂದು ಕಣ್ಣಾರೆ ತೋರಿಸಿದ. ತಾನು ಯಾರೆಂದು ಹತ್ತು ಹೆಸರು ಹೇಳಿ ಧೈರ್ಯ ತುಂಬಿದ. ರಣದ ನಡುವೆ ಎರಡನೆಯ ಸಲ ಕುಸಿದಾಗಲೂ ಗದರಲಿಲ್ಲ. ನೀನೂ ದೊಡ್ಡ ಕೆಲಸ ಮಾಡಿದ್ದೀಯೆ ಎಂದು ಬೆನ್ನು ತಟ್ಟಿದ. ಇದೇ ಉತ್ತರ ಕುರುಕ್ಷೇತ್ರದ ಮೊದಲ ದಿನ ಆನೆಯೇರಿ ಶಲ್ಯನನ್ನು ಎದುರಿಸಿ ವೀರನಂತೆ ಮಡಿದ. ಗಾದೆ ಕಟ್ಟಿದವರು ಅಲ್ಲಿಯವರೆಗೆ ಓದಲಿಲ್ಲವೆಂದು ಕಾಣುತ್ತದೆ.

ಇಷ್ಟಕ್ಕೂ ಒಳಗೆ ನಡೆಯುವುದೇನು? ಮೆದುಳಿನ ಆಳದಲ್ಲಿ ಬಾದಾಮಿಯ ಆಕಾರದ ಒಂದು ಚಿಕ್ಕ ಭಾಗವಿದೆ. ಅದನ್ನು ಕಾವಲುಗಾರನೆನ್ನೋಣ. ಅಪಾಯ ಕಂಡೊಡನೆ ಕೂಗು ಹಾಕುವುದು ಅದರ ಕೆಲಸ. ಎದೆ ಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಮೈ ಓಡುವುದಕ್ಕೋ ಹೊಡೆಯುವುದಕ್ಕೋ ಅಣಿಯಾಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಭಾಗ, ನಡೆದುದಕ್ಕೆ ಸ್ಥಳ ಕಾಲಗಳನ್ನು ಬರೆದು ದಫ್ತರದಲ್ಲಿಡುವ ಶ್ಯಾನುಭೋಗ. ಸಾಮಾನ್ಯ ಭಯದಲ್ಲಿ ಇಬ್ಬರೂ ಸರಿಯಾಗಿಯೇ ದುಡಿಯುತ್ತಾರೆ. ನಾಯಿ ಅಟ್ಟಿಸಿಕೊಂಡು ಬಂದದ್ದು ಹೋದ ವರ್ಷ, ಆ ಓಣಿಯಲ್ಲಿ, ಎಂದು ನೆನಪು ಕೂರುತ್ತದೆ. ಭಯ ಮಿತಿಮೀರಿದಾಗ ಕಾವಲುಗಾರನ ಕೂಗಿನಲ್ಲಿ ಶ್ಯಾನುಭೋಗನ ಲೇಖಣಿ ನಿಂತುಹೋಗುತ್ತದೆ. ನೆನಪು ತಾರೀಖಿಲ್ಲದೆ ಉಳಿಯುತ್ತದೆ. ಮುಂದೆ ಯಾವುದೋ ಸದ್ದು, ಯಾವುದೋ ವಾಸನೆ ತಾಕಿದರೆ ಅದು ‘ಹಿಂದೆ ನಡೆದದ್ದು’ ಆಗಿ ಬಾರದೆ, ಈಗಲೇ ನಡೆಯುತ್ತಿರುವಂತೆ ಬಂದು ಎರಗುತ್ತದೆ. ಪ್ರೆಸ್ಸಿನ ಸದ್ದಿಗೆ ನೆಲಕ್ಕೆ ಕುಳಿತ ಮನುಷ್ಯ ಆ ಗಳಿಗೆಯಲ್ಲಿ ಪೀಣ್ಯದಲ್ಲಿ ಇರಲಿಲ್ಲ.

ದುಃಸ್ವಪ್ನ, ಬೆಚ್ಚಿಬೀಳುವುದು, ಆ ನೆನಪು ತರುವ ಜಾಗ ಜನಗಳಿಂದ ತಪ್ಪಿಸಿಕೊಳ್ಳುವುದು, ಹೆಂಡತಿ ಮಕ್ಕಳ ಮೇಲೂ ಮನಸ್ಸು ಮರಗಟ್ಟಿದಂತಾಗುವುದು, ಇವೆಲ್ಲ ಒಂದು ತಿಂಗಳಿಗೂ ಮೀರಿ ನಿಂತು ಬಾಳನ್ನು ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಬೇನೆ ಎನ್ನುತ್ತಾರೆ. ವಿಯೆಟ್ನಾಮ್ ಯುದ್ಧದಿಂದ ಮರಳಿದವರ ಪಾಡು ನೋಡಿದ ಮೇಲೆ, ೧೯೮೦ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರು ಸೇರಿತು. ಯುದ್ಧಕ್ಕೆ ಹೋದವರಿಗೆ ಮಾತ್ರ ಬರುವುದೆಂದೂ ತಿಳಿಯಬೇಕಾಗಿಲ್ಲ. ಯಂತ್ರಕ್ಕೆ ಕೈ ಕೊಟ್ಟವರಿಗೆ, ರಸ್ತೆಯ ಅಪಘಾತದಲ್ಲಿ ಬದುಕುಳಿದವರಿಗೆ, ದೌರ್ಜನ್ಯಕ್ಕೆ ಗುರಿಯಾದ ಹೆಣ್ಣುಮಕ್ಕಳಿಗೆ ಬರುವ ಬೇನೆಯೂ ಇದೇ.

ಎಲ್ಲ ಗಾಯವೂ ಭಯದಿಂದಲೇ ಆಗುವುದಿಲ್ಲ. ಇಲ್ಲಿ ಇನ್ನೊಬ್ಬ ತರುಣನನ್ನು ನೆನೆಯಬೇಕು. ಅಶ್ವತ್ಥಾಮ ತರುಣನೇ ಎಂದು ಪಂಡಿತಮಿತ್ರರು ಆಕ್ಷೇಪಿಸಬಹುದು. ವಯಸ್ಸು ಎಷ್ಟೇ ಇರಲಿ, ಭಾರತದ ಉದ್ದಕ್ಕೂ ಅವನು ದ್ರೋಣರ ಮಗ, ಗುರುಪುತ್ರ, ಮಗನಾಗಿಯೇ ಉಳಿದವನು. ಅವನಿಗೆ ನಡುಕವೆಂಬುದು ಗೊತ್ತಿಲ್ಲ. ಅವನ ಹೆಸರನ್ನೇ ಅಸ್ತ್ರ ಮಾಡಿಕೊಂಡು, ಧರ್ಮರಾಯನ ಬಾಯಿಂದ ಸುಳ್ಳಾಡಿಸಿ, ಶಸ್ತ್ರ ಕೆಳಗಿಟ್ಟ ತಂದೆಯನ್ನು ಕೊಂದರು. ದುರ್ಯೋಧನನ ತೊಡೆ ಮುರಿದ ರಾತ್ರಿ ಮೂವರು ಆಲದ ಮರದಡಿ ಮಲಗುತ್ತಾರೆ. ಕೃಪನಿಗೆ ನಿದ್ದೆ, ಕೃತವರ್ಮನಿಗೆ ನಿದ್ದೆ. ಅಶ್ವತ್ಥಾಮನಿಗೆ ಮಾತ್ರ ಇಲ್ಲ. ಕಣ್ಣು ತೆರೆದು ಮಲಗಿ, ಗೂಗೆಯೊಂದು ನಿದ್ರಿಸುವ ಕಾಗೆಗಳನ್ನು ಕೊಲ್ಲುವುದನ್ನು ನೋಡುತ್ತಾನೆ. ಮುಂದಿನದು ಎಲ್ಲರಿಗೂ ಗೊತ್ತು: ಪಾಳೆಯದಲ್ಲಿ ಮಲಗಿದ್ದವರ ಕೊಲೆ, ಕೊನೆಗೆ ಹಣೆಯ ಮಣಿ ಕಳೆದುಕೊಂಡು ನೆತ್ತರು ಕೀವುಗಳ ನಾತ ಹೊತ್ತು ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ.

ಬಾಸ್ಟನ್ನಿನಲ್ಲಿ ವಿಯೆಟ್ನಾಮ್ ಸೈನಿಕರಿಗೆ ಚಿಕಿತ್ಸೆ ಮಾಡಿದ ಜೊನಾಥನ್ ಷೇ ಎಂಬ ವೈದ್ಯರು ೧೯೯೪ರಲ್ಲಿ ಒಂದು ಪುಸ್ತಕ ಬರೆದು, ಗ್ರೀಕರ ಮಹಾಕಾವ್ಯದ ಅಖಿಲೀಸನ ಕೋಪದ ಪಕ್ಕದಲ್ಲಿ ತಮ್ಮ ರೋಗಿಗಳ ಮಾತುಗಳನ್ನಿಟ್ಟು ತೋರಿಸಿದರು. ನೆಚ್ಚಿದವರೇ ನ್ಯಾಯ ತಪ್ಪಿದಾಗ, ಅಥವಾ ತಾನೇ ಮಾಡಬಾರದ್ದನ್ನು ಮಾಡಿದಾಗ ಆಗುವ ಗಾಯ ಭಯದ ಗಾಯಕ್ಕಿಂತ ಬೇರೆ. ಇದನ್ನು ಕನ್ನಡದಲ್ಲಿ ಧರ್ಮದ ಗಾಯ ಎನ್ನಬಹುದೇನೋ. ಷೇ ಅವರಿಗೆ ಸೌಪ್ತಿಕಪರ್ವವನ್ನು ಯಾರಾದರೂ ಓದಿ ಹೇಳಿದ್ದರೆ ಅವರ ಪುಸ್ತಕ ಇಮ್ಮಡಿಯಾಗುತ್ತಿತ್ತು ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಆ ಹುಡುಗನ ತಂದೆಯನ್ನು ನಾನು ಮೊದಲು ಕಂಡಾಗ ಅವರು ಕೇಳಿದ್ದು ಒಂದೇ: ‘ಮೇಷ್ಟ್ರೇ, ನನಗೇನು ಹುಚ್ಚಾ?’ ಹುಚ್ಚು ಎಂಬ ಒಂದೇ ಪದದಲ್ಲಿ ನಾವು ಹತ್ತು ಬೇನೆಗಳನ್ನು ತುಂಬಿಟ್ಟಿದ್ದೇವೆ. ಇಲ್ಲದ ದನಿ ಕೇಳಿಸುವುದು, ಎಲ್ಲರೂ ತನ್ನ ಮೇಲೆ ಸಂಚು ಮಾಡುತ್ತಿದ್ದಾರೆಂಬ ನಂಬಿಕೆ ಬಲಿಯುವುದು, ಇವು ಚಿತ್ತವಿಕಲತೆಯ ಬೇರೆ ರೋಗಗಳು. ಅವು ಮೊದಲು ತಲೆಯೆತ್ತುವುದು ಸಾಮಾನ್ಯವಾಗಿ ಹದಿನೆಂಟರಿಂದ ಮೂವತ್ತರೊಳಗೆ. ಸೈನ್ಯಕ್ಕೆ ಸೇರುವ ವಯಸ್ಸೂ ಅದೇ. ಆದಕಾರಣ ಯುದ್ಧವಿಲ್ಲದಿದ್ದರೂ ಬರಬಹುದಾಗಿದ್ದ ರೋಗವನ್ನು ಯುದ್ಧದ ತಲೆಗೆ ಕಟ್ಟುವುದೂ ಉಂಟು, ಯುದ್ಧವೇ ತಂದ ಗಾಯವನ್ನು ವಂಶದ ದೋಷವೆನ್ನುವುದೂ ಉಂಟು. ಯಾವುದು ಯಾವುದೆಂದು ಬಿಡಿಸಿ ಹೇಳುವುದು ವೈದ್ಯರ ಕೆಲಸ. ಎರಡಕ್ಕೂ ಚಿಕಿತ್ಸೆ ಇದೆ. ಚಿಕಿತ್ಸೆ ಒಂದೇ ಅಲ್ಲ.

ಈ ವಿದ್ಯೆ ಬೆಂಗಳೂರಿಗೆ ಹೊಸದೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ನಮ್ಮ ಊರು ರಣದಿಂದ ದೂರವಿದ್ದರೂ ರಣದ ಹಿತ್ತಿಲಾಗಿತ್ತು. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಆರಂಭಿಸಿದ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ನಡೆಯಿತು. ಇಂದು ಪೀಣ್ಯದ ಷೆಡ್ಡುಗಳಿರುವ ಜಾಗಕ್ಕೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ ಸೈನ್ಯದ ಆಸ್ಪತ್ರೆಗಳ ಸಾಲು ಎದ್ದಿತು. ಬರ್ಮಾದ ಕಾಡುಗಳಲ್ಲಿ ಗಾಯಗೊಂಡವರನ್ನು ಇಟ್ಟುಕೊಳ್ಳುವುದಕ್ಕಾಗಿ ಕಟ್ಟಿದ್ದು. ಹೊಸೂರು ರಸ್ತೆಯಲ್ಲಿ, ಲಕ್ಕಸಂದ್ರದ ಬಳಿಯ ದಿಣ್ಣೆಯ ಮೇಲೆ, ಅಷ್ಟರಲ್ಲಾಗಲೇ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಹೊಸ ಕಟ್ಟಡ ಬಂದಿತ್ತು. ಅದರ ಮೂಲ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪೇಟೆಯ ಕಡೆ ಇದ್ದ ಹುಚ್ಚಾಸ್ಪತ್ರೆ. ೧೯೨೫ರಲ್ಲಿ ಆ ಹೆಸರನ್ನು ತೆಗೆದು ಮಾನಸಿಕ ಆಸ್ಪತ್ರೆ ಎಂದು ಕರೆದರು. ಬರಿಯ ಹೆಸರು ತಾನೇ ಎನ್ನಬೇಡಿ. ಬೀದಿಯವರ ಬಾಯಲ್ಲಿ ಹಳೆಯ ಹೆಸರು ಎಷ್ಟು ಕಾಲ ಉಳಿಯಿತೆಂಬುದನ್ನು ನೀವೇ ಬಲ್ಲಿರಿ.

ಆ ಆಸ್ಪತ್ರೆಯ ಮುಖ್ಯರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಆ ಮಾಡ್ಸ್‌ಲಿಯೋ, ಮೊದಲನೆಯ ಮಹಾಯುದ್ಧದಲ್ಲಿ ಷೆಲ್ ಷಾಕಿನ ಸೈನಿಕರನ್ನು ನೋಡಿಕೊಂಡೇ ಕಣ್ಣು ಬಿಟ್ಟ ಆಸ್ಪತ್ರೆ. ಫ್ರಾನ್ಸಿನ ಕಂದಕದಲ್ಲಿ ಕಲಿತ ಪಾಠ ಹೀಗೆ ಸುತ್ತಿ ಬಳಸಿ ಹೊಸೂರು ರಸ್ತೆಗೂ ಬಂತು. ೧೯೫೪ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೭೪ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಇಂದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಬಸ್ಸುಗಳು ಅದರ ಗೋಡೆಯ ಪಕ್ಕದಲ್ಲೇ ಸಾಗುತ್ತವೆ. ನಗರದ ಹೊರಗೆ ಸಕಲವಾರದಲ್ಲಿಯೂ ೧೯೭೬ರಿಂದ ಅದರ ಒಂದು ಗ್ರಾಮೀಣ ಕೇಂದ್ರವಿದೆ. ರೇಡಿಯೋ ಕೇಳುವ ಮನೆಗಳಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ: ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರೂ, ಮನಸ್ಸಿನ ಶಾಸ್ತ್ರವೂ ನಮ್ಮಲ್ಲಿ ಒಂದೇ ಹೊಸಿಲಿನಿಂದ ಹೊರಬಂದವು.

ಚಿಕಿತ್ಸೆ ಎಂದರೆ ಸರಪಳಿ, ಕೋಣೆ ಎಂದು ಕಲ್ಪಿಸಿಕೊಂಡು ಬಹಳ ಮಂದಿ ಹಿಂಜರಿಯುತ್ತಾರೆ. ಈ ಬೇನೆಗೆ ಮುಖ್ಯವಾದದ್ದು ಮಾತಿನ ಚಿಕಿತ್ಸೆ. ತಾರೀಖಿಲ್ಲದ ನೆನಪನ್ನು, ಸುರಕ್ಷಿತವಾದ ಒಂದು ಕೋಣೆಯಲ್ಲಿ, ಪಳಗಿದವರೊಬ್ಬರ ಮುಂದೆ, ವಾರವಾರವೂ ಸ್ವಲ್ಪಸ್ವಲ್ಪವಾಗಿ ಹೇಳುತ್ತ ಹೋದರೆ ನಿಂತಿದ್ದ ಶ್ಯಾನುಭೋಗ ಮತ್ತೆ ಲೇಖಣಿ ಹಿಡಿಯುತ್ತಾನೆ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಮನೆಯವರು ಬಲವಂತವಾಗಿ ಯುದ್ಧದ ಕಥೆ ಹೇಳಿಸಲು ಹೋಗಬಾರದು. ಹೇಳಹೊರಟಾಗ ‘ಅದೆಲ್ಲ ಬಿಡಿ’ ಎಂದು ಬಾಯಿ ಮುಚ್ಚಿಸಲೂ ಬಾರದು. ಮಲಗಿದವರನ್ನು ಮೈಮುಟ್ಟಿ ಅಲುಗಿಸಿ ಎಬ್ಬಿಸದೆ, ಸ್ವಲ್ಪ ದೂರದಿಂದ ಹೆಸರು ಹಿಡಿದು ಕರೆಯುವುದು ಲೇಸು. ಹೆಂಡ ನಿದ್ದೆ ತರುತ್ತದೆಂದು ನಂಬಿದವರು ಅನೇಕರು; ತರುವುದು ಅರೆನಿದ್ದೆಯನ್ನು, ಕೆಡಿಸುವುದು ಉಳಿದರ್ಧವನ್ನು. ಜೀವ ಬೇಡವೆಂಬ ಮಾತು ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರಕಾರಿ ದೂರವಾಣಿ ಸೇವೆ ನಡೆದಿದೆ. ೧೪೪೧೬ ಎಂಬ ಅಂಕಿ ಒತ್ತಿದರೆ ಹಗಲು ರಾತ್ರಿ ಯಾವ ವೇಳೆಯಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ಸೈನ್ಯದವರಿಗಾಗಿಯೇ ಒಂದು ವಿಭಾಗವನ್ನು ೨೦೨೩ರಲ್ಲಿ ಪುಣೆಯಲ್ಲಿ ತೆರೆದರು.

ನನ್ನ ವಿದ್ಯಾರ್ಥಿಯ ತಂದೆ ಹೊಸೂರು ರಸ್ತೆಗೆ ಹೋಗಲು ಒಪ್ಪಿದ್ದು ಐದಾರು ತಿಂಗಳ ತರುವಾಯ. ಹೊರಗಿನ ಬೆಂಚಿನ ಮೇಲೆ ಜೊತೆಗೆ ಕುಳಿತಿದ್ದಾಗ, ಯಾರಾದರೂ ಪರಿಚಿತರು ನೋಡಿಯಾರೆಂದು ಟೋಪಿ ಕೆಳಗೆ ಎಳೆದುಕೊಂಡಿದ್ದರು. ಮಧ್ಯೆ ಎರಡು ಸಲ ಚಿಕಿತ್ಸೆ ಬಿಟ್ಟದ್ದೂ ಉಂಟು. ಆಮೇಲೆ ಒಂದು ದಿನ ಹುಡುಗ ಬಂದು, ಅಪ್ಪ ಹಗಲು ಪಾಳಿ ಕೇಳಿ ತೆಗೆದುಕೊಂಡರು ಎಂದ. ಅದನ್ನು ಹೇಳುವುದಕ್ಕೆಂದೇ ಸ್ಟಾಫ್ ರೂಮಿನವರೆಗೆ ಬಂದಿದ್ದ.

ಉತ್ತರನ ಕಥೆಯನ್ನು ಈಗಲೂ ಹೇಳುತ್ತೇನೆ, ಮಕ್ಕಳು ಈಗಲೂ ನಗುತ್ತಾರೆ. ಕುಮಾರವ್ಯಾಸ ನಗಿಸಬೇಕೆಂದೇ ಬರೆದ ಕಡೆ ನಗದಿರುವುದು ಕವಿಗೆ ಅಪಚಾರ. ಅಭಿನಯವನ್ನು ಮಾತ್ರ ಬಿಟ್ಟಿದ್ದೇನೆ. ಗಂಟೆ ಹೊಡೆದರೂ ಸರಿಯೆ, ಅವನು ವಾಘೆ ಹಿಡಿಯುವವರೆಗೆ ಹೇಳಿಯೇ ನಿಲ್ಲಿಸುತ್ತೇನೆ. ದೀಪಾವಳಿಯ ರಾತ್ರಿ ಆ ಮನೆಯ ಯಜಮಾನರು ಇಂದಿಗೂ ಹೊರಗೆ ಬರುವುದಿಲ್ಲವಂತೆ. ಕಿಟಕಿ ಮುಚ್ಚಿ, ಪಟಾಕಿಯ ಸದ್ದು ಅಡಗುವಷ್ಟು ರೇಡಿಯೋ ದನಿ ಏರಿಸಿ, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಕೇಳುತ್ತಾರೆ. ಹತ್ತೂವರೆಗೆಲ್ಲ ನಿದ್ದೆ ಹೋಗುತ್ತಾರಂತೆ.